ಕಸದ ಬುಟ್ಟಿಯಿಂದ ಎತ್ತಿಟ್ಟ ಸ್ವಾತಂತ್ರ್ಯ

ಜಕಾರ್ತಾದಿಂದ ಮರಳಿ ಹತ್ತು ದಿನವಾಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಮೊನಾಸ್ ತುದಿಗೆ ಹೋದಿರಾ? ಮೇಲಿಂದ ಊರು ಹೇಗೆ ಕಾಣುತ್ತದೆ?" ಹೋಗಿದ್ದೆ, ಊರು ಚೆನ್ನಾಗಿಯೇ ಕಂಡಿತು. ಆದರೆ ಅಂದಿನಿಂದ ನನ್ನ ತಲೆಯಲ್ಲಿ ಉಳಿದಿರುವುದು ಆ ಎತ್ತರವಲ್ಲ. ಅದನ್ನು ಬರೆದು ಹೇಳದಿದ್ದರೆ ಸಮಾಧಾನವಾಗದು.

ಮೊನಾಸ್ ಎಂದರೆ ಇಂಡೋನೇಷ್ಯಾದ ರಾಷ್ಟ್ರೀಯ ಸ್ಮಾರಕ. ಡಚ್ಚರ ಕಾಲದಲ್ಲಿ ರಾಜನ ಹೆಸರಿನಲ್ಲಿದ್ದ ಮೈದಾನ ಈಗ ಮೆರ್ದೆಕಾ ಚೌಕ. ಮೆರ್ದೆಕಾ ಎಂದರೆ ಅವರಲ್ಲಿ ಸ್ವಾತಂತ್ರ್ಯ. ಸಂಸ್ಕೃತದ 'ಮಹರ್ದ್ಧಿಕ' ಸಮುದ್ರ ದಾಟಿ ಪಡೆದ ರೂಪ ಅದು. ಆ ಚೌಕದ ನಡುವೆ 132 ಮೀಟರ್ ಎತ್ತರದ ಬಿಳಿಯ ಕಂಬ, ಅದರ ತುದಿಯಲ್ಲಿ ಚಿನ್ನದ ಹಾಳೆ ಹೊದ್ದ ಕಂಚಿನ ಜ್ವಾಲೆ. ಕೆಳಗೆ ಅಗಲವಾದ ಬಟ್ಟಲಿನಂಥ ಪೀಠ. ಲಿಂಗ ಮತ್ತು ಯೋನಿಯ ಕಲ್ಪನೆಯಲ್ಲಿ ಇದನ್ನು ರೂಪಿಸಿದರು ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಅವರೇ ಕೊಡುವ ಇನ್ನೊಂದು ವಿವರಣೆ ನನಗೆ ಹೆಚ್ಚು ಹಿಡಿಸಿತು: ಒನಕೆ ಮತ್ತು ಒರಳು. ಭತ್ತ ಕುಟ್ಟಿ ಉಣ್ಣುವ ಪ್ರತಿ ಮನೆಯಲ್ಲೂ ಇದ್ದ ಸಾಮಾನನ್ನು ಒಂದು ದೇಶ ತನ್ನ ರಾಜಧಾನಿಯ ನಟ್ಟನಡುವೆ ನಿಲ್ಲಿಸಿದೆ ಎಂದುಕೊಂಡಾಗ ಆ ಅಮೃತಶಿಲೆಗೆ ಒಮ್ಮೆಲೇ ಅಡುಗೆಮನೆಯ ಬಿಸುಪು ಬಂತು.

ಕೆಲಸ ಶುರುವಾದದ್ದು 1961ರ ಆಗಸ್ಟ್ 17ರಂದು, ಜನರಿಗೆ ತೆರೆದದ್ದು 1975ರಲ್ಲಿ. ಆ ನಡುವಿನ ವರ್ಷಗಳಲ್ಲಿ ಆ ದೇಶ ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಲೆಗಳು ಒಂದೇ ವರ್ಷದಲ್ಲಿ ಶೇಕಡಾ 600ಕ್ಕೂ ಮೀರಿ ಏರಿದ ಕಾಲವದು. 1965-66ರಲ್ಲಿ ಲಕ್ಷಾಂತರ ಜನರ ಹತ್ಯೆ ನಡೆಯಿತು. ಕಟ್ಟಿಸಲು ಹೊರಟ ಅಧ್ಯಕ್ಷ ಸುಕರ್ನೋ ಅಧಿಕಾರ ಕಳೆದುಕೊಂಡು, 1970ರಲ್ಲಿ ತೀರಿಯೂ ಹೋಗಿದ್ದರು. ಬಾಗಿಲು ತೆರೆದದ್ದನ್ನು ಅವರು ನೋಡಲಿಲ್ಲ.

ತುದಿಗೆ ಹೋಗಲು ಲಿಫ್ಟ್ ಇದೆ, ಒಮ್ಮೆಗೆ ಹತ್ತು ಹನ್ನೊಂದು ಜನ ಹಿಡಿಯುವಷ್ಟು ಚಿಕ್ಕದು. ನಾನು ಸರದಿಯಲ್ಲಿ ಎರಡು ಗಂಟೆಗೆ ಹತ್ತಿರ ನಿಂತಿದ್ದೆ. ಮೇಲೆ ಸಿಕ್ಕಿದ್ದು ಹದಿನೈದು ನಿಮಿಷ. ಇಸ್ತಿಕ್ಲಾಲ್ ಮಸೀದಿಯ ಬಿಳಿ ಗುಮ್ಮಟ ಕಂಡಿತು, ಅದರ ಎದುರಿಗೇ ಚರ್ಚಿನ ಮೊನಚು ಗೋಪುರಗಳು. ಇಸ್ತಿಕ್ಲಾಲ್ ಎಂಬ ಅರಬ್ಬಿ ಪದಕ್ಕೂ ಸ್ವಾತಂತ್ರ್ಯ ಎಂದೇ ಅರ್ಥ. ಆ ಮಸೀದಿಯ ವಿನ್ಯಾಸ ಮಾಡಿದ ಫ್ರೆಡೆರಿಕ್ ಸಿಲಾಬನ್ ಕ್ರೈಸ್ತರು. ಈ ಸ್ಮಾರಕದ ವಿನ್ಯಾಸದಲ್ಲೂ ಅವರ ಕೈ ಇದೆ. ಫೋಟೋ ತೆಗೆದು ಕೆಳಗಿಳಿದೆ. ನನ್ನ ಜೊತೆ ಇಳಿದವರಲ್ಲಿ ಹೆಚ್ಚಿನವರು ನೇರವಾಗಿ ಹೊರಬಾಗಿಲಿನ ಕಡೆಗೆ ನಡೆದರು. ನಾನೂ ಹೊರಟುಬಿಡುತ್ತಿದ್ದೆ.

ನನ್ನನ್ನು ತಡೆದದ್ದು ಶಾಲೆಯ ಮಕ್ಕಳು. ಅಲ್ಲಿನ ಪ್ರಾಥಮಿಕ ಶಾಲೆಯ ಸಮವಸ್ತ್ರ ಬಿಳಿ ಅಂಗಿ, ಕೆಂಪು ಚಡ್ಡಿ ಅಥವಾ ಲಂಗ, ಬಾವುಟದ ಬಣ್ಣಗಳೇ. ಸಾಲಾಗಿ ನೆಲದಡಿಯ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಿದ್ದ ಅವರ ಹಿಂದೆ ನಾನೂ ಹೋದೆ. ಅಲ್ಲಿ ಗೋಡೆಯುದ್ದಕ್ಕೂ ಗಾಜಿನ ಹಿಂದೆ ಪುಟ್ಟ ಬೊಂಬೆಗಳ ದೃಶ್ಯಗಳು, ಒಟ್ಟು 51. ಬೊರೊಬುದೂರ್ ಬೌದ್ಧ ಸ್ತೂಪ ಕಟ್ಟುವವರು, ಮಜಪಾಹಿತ್ ಸಾಮ್ರಾಜ್ಯ, ಡಚ್ಚರ ವಿರುದ್ಧದ ಯುದ್ಧಗಳು. ಜಪಾನೀಯರ ಆಳ್ವಿಕೆಯಲ್ಲಿ ಬಲವಂತದ ದುಡಿಮೆಗೆ ಹಚ್ಚಿದ ಜನರನ್ನು 'ರೊಮುಶಾ' ಎನ್ನುತ್ತಾರೆ. ಆ ದೃಶ್ಯದ ಮುಂದೆ ಒಬ್ಬ ಹುಡುಗ ಗಾಜಿಗೆ ಹಣೆಯೊತ್ತಿ ನಿಂತಿದ್ದ. ಅವನ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು. ತೋಳಿನಿಂದ ಒರೆಸಿ ಮತ್ತೆ ನೋಡುತ್ತಿದ್ದ. ಟೀಚರ್ ಎರಡು ಸಲ ಕರೆದರೂ ಅವನಿಗೆ ಕೇಳಿಸಲಿಲ್ಲ. (ಎಲ್ಲ ದೃಶ್ಯಗಳೂ ಪ್ರಾಮಾಣಿಕವಲ್ಲ. 1965ರ ನಂತರದ ಕಥೆಯನ್ನು ಗೆದ್ದವರು ಹೇಳಿಸಿದ್ದಾರೆ, ಸತ್ತವರು ಅಲ್ಲಿಲ್ಲ. ಅದು ನನ್ನನ್ನು ಚುಚ್ಚಿತು.)

ಅಲ್ಲಿಂದ ಮೆಟ್ಟಿಲು ಹತ್ತಿದರೆ 'ಒರಳಿನ' ಹೊಟ್ಟೆಯೊಳಗೆ ಸ್ವಾತಂತ್ರ್ಯ ಸಭಾಂಗಣ. ಒಂದು ಗೋಡೆಯಲ್ಲಿ ಚಿನ್ನದ ಲೇಪದ ದೊಡ್ಡ ಬಾಗಿಲು. ಅದು ನಿಧಾನವಾಗಿ ಸರಿದಾಗ ಒಳಗೆ ಸ್ವಾತಂತ್ರ್ಯ ಘೋಷಣೆಯ ಪಠ್ಯ ಕಾಣುತ್ತದೆ, ಸುಕರ್ನೋ ಅವರ ದನಿ ಕೇಳುತ್ತದೆ. ಘೋಷಣೆ ಎರಡೇ ವಾಕ್ಯ. ಇಂಡೋನೇಷ್ಯಾದ ಜನರಾದ ನಾವು ಈ ಮೂಲಕ ಇಂಡೋನೇಷ್ಯಾದ ಸ್ವಾತಂತ್ರ್ಯವನ್ನು ಘೋಷಿಸುತ್ತೇವೆ. ಅಧಿಕಾರದ ವರ್ಗಾವಣೆ ಮುಂತಾದವನ್ನು ಎಚ್ಚರಿಕೆಯಿಂದ, ಸಾಧ್ಯವಾದಷ್ಟು ಬೇಗ ನೆರವೇರಿಸಲಾಗುವುದು. ಅಷ್ಟೇ. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಟೋಪಿ ಸರಿಪಡಿಸಿಕೊಂಡು, ಕೈಗಳನ್ನು ದೇಹಕ್ಕೆ ಅಂಟಿಸಿ ನೆಟ್ಟಗೆ ನಿಂತರು. ದನಿ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು.

ಪಠ್ಯದ ಕೊನೆಯಲ್ಲಿರುವ ತಾರೀಖನ್ನು ಗಮನಿಸಿ: ದಿನ 17, ತಿಂಗಳು 8, ವರ್ಷ 05. ಅದು 1945 ಅಲ್ಲ. ಜಪಾನೀಯರ ಕಾಲಗಣನೆಯ 2605ನೇ ವರ್ಷದ ಕೊನೆಯ ಎರಡು ಅಂಕಿ. ಮೂರೂವರೆ ವರ್ಷ ಆಳಿದವರ ಪಂಚಾಂಗದಲ್ಲೇ ಸ್ವಾತಂತ್ರ್ಯದ ತಾರೀಖನ್ನು ಬರೆಯಬೇಕಾಯಿತು, ಏಕೆಂದರೆ ಆ ಬೆಳಗಿನ ಜಾವ ಗೋಡೆಯ ಮೇಲೆ ತೂಗುತ್ತಿದ್ದ ಲೆಕ್ಕ ಅದೇ. ಜಪಾನ್ ಶರಣಾಗಿ ಎರಡೇ ದಿನವಾಗಿತ್ತು. ತಡಮಾಡಬಾರದೆಂದು ಯುವಕರ ಗುಂಪೊಂದು ಸುಕರ್ನೋ ಮತ್ತು ಅವರ ಜೊತೆಗಾರ ನಾಯಕ ಹಟ್ಟಾ ಇಬ್ಬರನ್ನೂ ಊರಾಚೆ ಎತ್ತಿಕೊಂಡು ಹೋಗಿತ್ತು. ಅಲ್ಲಿಂದ ಮರಳಿದ ರಾತ್ರಿಯೇ ಜಪಾನಿನ ನೌಕಾಧಿಕಾರಿ ಮಯೆದಾ ಅವರ ಮನೆಯಲ್ಲಿ ಕುಳಿತು ಇದನ್ನು ಬರೆದರು. ಸುಕರ್ನೋ ಕೈಬರಹದ ಕರಡಿನಲ್ಲಿ ಕಾಟು ಹೊಡೆದ ಗುರುತುಗಳಿವೆ. ಅಧಿಕಾರ 'ಒಪ್ಪಿಸುವುದು' ಎಂಬರ್ಥದ ಪದ ಹೊಡೆದು 'ವರ್ಗಾಯಿಸುವುದು' ಎಂದು ಮಾಡಿದ್ದಾರೆ. ನಿದ್ದೆಗೆಟ್ಟ ಕಣ್ಣಿನಲ್ಲೂ ಒಂದೊಂದು ಪದವನ್ನು ತೂಗಿ ನೋಡಿದ್ದಾರೆ.

ಸಯೂತಿ ಮೆಲಿಕ್ ಅದನ್ನು ಬೆರಳಚ್ಚು ಮಾಡಿದರು. ಬೆರಳಚ್ಚಾದ ಮೇಲೆ ಕರಡು ಯಾರಿಗೆ ಬೇಕು? ಅದು ಕಸದ ಬುಟ್ಟಿಗೆ ಹೋಯಿತು. ಬಿ.ಎಂ. ದಿಯಾ ಎಂಬ ಪತ್ರಕರ್ತರು ಅದನ್ನು ಎತ್ತಿ ಇಟ್ಟುಕೊಂಡರು. 1992ರಲ್ಲಿ ಸರ್ಕಾರದ ಕೈಗೆ ಕೊಡುವವರೆಗೆ, ನಲವತ್ತಾರು ವರ್ಷಕ್ಕೂ ಹೆಚ್ಚು ಕಾಲ, ಜತನವಾಗಿ ಕಾಪಾಡಿದರು.

ಫೋಟೋದ ಕಥೆಯೂ ಹೀಗೆಯೇ. ಬೆಳಿಗ್ಗೆ ಹತ್ತು ಗಂಟೆಗೆ, ಜ್ವರದಲ್ಲಿದ್ದ ಸುಕರ್ನೋ ತಮ್ಮ ಮನೆಯಂಗಳದಲ್ಲಿ ಘೋಷಣೆ ಓದಿದಾಗ ಮೆಂಡೂರ್ ಸಹೋದರರು ಕ್ಯಾಮೆರಾ ಹಿಡಿದು ಬಂದಿದ್ದರು. ಅಣ್ಣ ಅಲೆಕ್ಸ್ ತೆಗೆದದ್ದನ್ನು ಜಪಾನೀಯರು ಕಿತ್ತುಕೊಂಡರು. ತಮ್ಮ ಫ್ರಾನ್ಸ್ ತಮ್ಮ ನೆಗೆಟಿವ್‌ಗಳನ್ನು ಪತ್ರಿಕಾ ಕಚೇರಿಯ ಅಂಗಳದ ಮರದ ಬಳಿ ಮಣ್ಣಿನಲ್ಲಿ ಹೂತರು. ಇಂದು ನಾವು ನೋಡುವ ಚಿತ್ರ ಆ ಮಣ್ಣಿನಿಂದ ಎದ್ದು ಬಂದದ್ದು. ದನಿಯಂತೂ ಆ ದಿನ ಮುದ್ರಣವಾಗಲೇ ಇಲ್ಲ. ಸಭಾಂಗಣದಲ್ಲಿ ಕೇಳುವುದು 1951ರಲ್ಲಿ ಸುಕರ್ನೋ ರೇಡಿಯೋಗಾಗಿ ಮತ್ತೆ ಓದಿದ್ದು. ಅವರನ್ನು ಹಾಗೆ ಓದುವಂತೆ ಒಪ್ಪಿಸಿದವರು ಯೂಸುಫ್ ರೊನೊದಿಪುರೋ. 1945ರ ಆ ಸಂಜೆ ಘೋಷಣೆಯನ್ನು ರೇಡಿಯೋದಲ್ಲಿ ಓದಿದ್ದವರೂ ಅವರೇ. ಇದನ್ನು ಕೆಲವರು ನಕಲಿ ಎನ್ನಬಹುದು. ನಾನು ಒಪ್ಪುವುದಿಲ್ಲ. ಕಳೆದುಹೋಗಬಹುದಾದ ದನಿಯನ್ನು ಹಟ ಹಿಡಿದು ಉಳಿಸಿದವರ ಪ್ರೀತಿ ಅದರಲ್ಲಿದೆ.

ಒಬ್ಬ ಪತ್ರಕರ್ತ, ಒಬ್ಬ ಛಾಯಾಗ್ರಾಹಕ, ಒಬ್ಬ ರೇಡಿಯೋದವರು. ಇವರಿಲ್ಲದಿದ್ದರೆ ಆ ಬೆಳಗಿನ ಕಾಗದ, ಚಿತ್ರ, ಘೋಷಣೆಯ ದನಿ ಯಾವುದೂ ಉಳಿಯುತ್ತಿರಲಿಲ್ಲ. ಎರಡು ಗಂಟೆ ಸರದಿಯಲ್ಲಿ ನಿಂತಿದ್ದಾಗ ಈ ಮೂವರ ಹೆಸರು ಒಮ್ಮೆಯೂ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಕೋರಿಕೆ ಇಷ್ಟು: ಲಿಫ್ಟಿಗೆ ಕಾಯುವ ಜಾಗದಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ, ಕಾಟುಗಳ ಸಮೇತ ಆ ಕರಡಿನ ದೊಡ್ಡ ಪ್ರತಿಯೊಂದನ್ನು ಹಾಕಲಿ. ಕಾಯುವವರಿಗೆ ಸಮಯವಿದೆ, ಓದುತ್ತಾರೆ. ಪ್ರವಾಸ ಏರ್ಪಡಿಸುವವರು ಮೊನಾಸ್‌ಗೆ ಒಂದು ಗಂಟೆ ಕೊಟ್ಟು ಫೋಟೋ ತೆಗೆಸಿ ಬಸ್ ಹತ್ತಿಸುವುದನ್ನು ಬಿಡಲಿ. ಸಮಯ ಕಡಿಮೆಯಿದ್ದರೆ ತುದಿಯನ್ನು ಬಿಡಿ, ಸಭಾಂಗಣವನ್ನು ಬಿಡಬೇಡಿ.

ಇನ್ನೊಂದು ವಿಷಯ ಇಂದಿಗೂ ನನಗೆ ಅರಗಿಲ್ಲ. ಘೋಷಣೆ ಓದಿದ ಆ ಮನೆ, ಪೆಗಾಂಗ್ಸಾನ್ ತಿಮುರ್ 56, ಈಗ ಇಲ್ಲ. 1960ರ ದಶಕದ ಆರಂಭದಲ್ಲಿ, ಈ ಕಂಬಕ್ಕೆ ಅಡಿಪಾಯ ಬೀಳುತ್ತಿದ್ದ ಆಸುಪಾಸಿನಲ್ಲೇ, ಸುಕರ್ನೋ ಅವರ ಅಪ್ಪಣೆಯಂತೆಯೇ ಅದನ್ನು ಕೆಡವಿದರು. ಅಷ್ಟು ದೊಡ್ಡದನ್ನು ಕನಸಿದ ಮನುಷ್ಯನಿಗೆ ಆ ಪುಟ್ಟ ಜಗುಲಿ ಉಳಿಯಬೇಕು ಎನ್ನಿಸಲಿಲ್ಲವೇ?

ಹೊರಡುವ ಹಿಂದಿನ ಸಂಜೆ ಆ ಜಾಗಕ್ಕೂ ಹೋದೆ. ಈಗ ಅದು ಉದ್ಯಾನ. ಸುಕರ್ನೋ ಮತ್ತು ಹಟ್ಟಾ ಇಬ್ಬರ ದೊಡ್ಡ ಕಂಚಿನ ಪ್ರತಿಮೆಗಳಿವೆ, ನಡುವೆ ಆ ಎರಡು ವಾಕ್ಯಗಳ ಫಲಕವಿದೆ. ಸ್ವಲ್ಪ ದೂರದಲ್ಲಿ, ಅಂದು ಅವರು ನಿಂತು ಓದಿದ ಜಾಗವನ್ನು ಗುರುತಿಸುವ, ತುದಿಯಲ್ಲಿ ಮಿಂಚಿನ ಆಕಾರವಿರುವ ಒಂದು ಕಂಬ. ಸುತ್ತಮುತ್ತಲಿನ ಮನೆಗಳವರು ವಾಯುವಿಹಾರಕ್ಕೆ ಬಂದಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಬೆರಳು ಹಿಡಿದು ಆ ಕಂಬದ ಬುಡದ ಅಕ್ಷರಗಳ ಮೇಲೆ ಒಂದೊಂದಾಗಿ ಆಡಿಸುತ್ತಿದ್ದರು. ಮಗು ಕೂಡಿಸಿ ಓದುತ್ತಿತ್ತು. ಒಂದು ಅಕ್ಷರಕ್ಕೆ ಬಂದು ತಡವರಿಸಿತು; ಅಜ್ಜಿ ಹೇಳಿಕೊಡಲಿಲ್ಲ, ಕಾದರು.