ಫೆಂಟನಿಲ್ ತಡೆಯಲು ಗಡಿಗೆ ಇನ್ನೂ ಹಣ ಸುರಿಯಬೇಕೇ?

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಕಾನೂನು ಮೆಕ್ಸಿಕೊ ಗಡಿಯ ಗೋಡೆಗೆ 4,650 ಕೋಟಿ ಡಾಲರ್ ಕೊಟ್ಟಿತು. ಸ್ಕ್ಯಾನರ್, ಕ್ಯಾಮೆರಾ ಮುಂತಾದ ಸಲಕರಣೆಗೆ ಸಿಕ್ಕಿದ್ದು 617 ಕೋಟಿಯಷ್ಟು. ವಲಸೆಯ ಜಗಳ ಬೇರೆಯೇ ಇದೆ, ಅದನ್ನು ಇಲ್ಲಿ ಬಿಟ್ಟುಬಿಡೋಣ. ಮಾದಕ ವಸ್ತು ತಡೆಯುವ ಕೆಲಸಕ್ಕೆ ಗಡಿಯಲ್ಲಿ ಹೀಗೆ ಖರ್ಚು ಮಾಡುವುದು ಸರಿಯಾ?

ಪರ: ಬಾಗಿಲಲ್ಲೇ ಹಿಡಿಯಬೇಕು

ಫೆಂಟನಿಲ್ ಎಂಥದ್ದು ಅಂತ ಮೊದಲು ನೋಡಿ. ಇದು ರಾಸಾಯನಿಕದಿಂದ ತಯಾರಾಗುವ, ಅಫೀಮಿನ ಬಗೆಯ ಮಾದಕ ವಸ್ತು. ಎರಡು ಮಿಲಿಗ್ರಾಂ ಸಾಕು, ಒಬ್ಬರ ಜೀವ ಹೋಗಬಹುದು. 2021, 2022, 2023 – ಮೂರೂ ವರ್ಷ ಅಮೆರಿಕದಲ್ಲಿ ಲಕ್ಷಕ್ಕೂ ಜಾಸ್ತಿ ಜನ ಮಾದಕ ವಸ್ತುವಿನ ಪ್ರಮಾಣ ಮೀರಿ ಸತ್ತರು. ಹತ್ತರಲ್ಲಿ ಏಳು ಸಾವಿನ ಹಿಂದೆ ಫೆಂಟನಿಲ್ ಇಲ್ಲವೇ ಅದರ ಜಾತಿಯದೇ ಇನ್ನೊಂದು ವಸ್ತು ಇತ್ತು. ಬೇಕಾದ ರಾಸಾಯನಿಕ ಹೆಚ್ಚಾಗಿ ಚೀನಾದಿಂದ ಬರುತ್ತದೆ. ಮೆಕ್ಸಿಕೊದಲ್ಲಿ ಸಿನಲೋವಾ ಮತ್ತು ಹಲಿಸ್ಕೊ ಗ್ಯಾಂಗುಗಳು ಅದನ್ನು ಪುಡಿ, ಮಾತ್ರೆ ಮಾಡುತ್ತವೆ. ಆಮೇಲೆ ಗಡಿ ದಾಟಿಸುತ್ತವೆ. ಬೀದಿಗೆ ಬಂದು ಸಾವಿರ ಕೈಗೆ ಹಂಚಿಹೋಗುವ ಮೊದಲು ಸರಕು ಗಂಟಾಗಿ ಸಿಗುವ ಕೊನೆಯ ಜಾಗ ಈ ಗಡಿ.

ಇಲ್ಲಿ ಜನರ ಮನಸ್ಸಿನಲ್ಲಿರುವ ಚಿತ್ರವೇ ತಪ್ಪು. ಯಾರೋ ಬೆನ್ನಿಗೆ ಚೀಲ ಹಾಕಿಕೊಂಡು ರಾತ್ರಿ ಮರುಭೂಮಿ ದಾಟುತ್ತಾನೆ ಅಂದುಕೊಳ್ಳುತ್ತಾರೆ. ಸಿಕ್ಕಿಬಿದ್ದ ಫೆಂಟನಿಲ್‌ನ ಬಹುಪಾಲು ಸಿಕ್ಕಿದ್ದು ಸ್ಯಾನ್ ಇಸಿಡ್ರೊ, ಓಟೈ ಮೇಸಾ, ನೊಗಾಲೆಸ್‌ನಂಥ ಅಧಿಕೃತ ಗೇಟುಗಳಲ್ಲಿ. ಕಾರಿನ ಬಾಗಿಲೊಳಗೆ, ಪೆಟ್ರೋಲ್ ಟ್ಯಾಂಕಿನಲ್ಲಿ, ಸ್ಟೆಪ್ನಿಯಲ್ಲಿ. ಶಿಕ್ಷೆಯಾದವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಪಾಸ್‌ಪೋರ್ಟ್ ಸರಿ ಇದ್ದವನ ಮೇಲೆ ಅನುಮಾನ ಕಡಿಮೆ, ಅಷ್ಟೇ ಲೆಕ್ಕ.

ಅಂದಮೇಲೆ ಹಣದ ಕೆಲಸವೂ ಗೊತ್ತಾಯಿತು: ಗೇಟಿಗೆ ಯಂತ್ರ, ಯಂತ್ರಕ್ಕೆ ಜನ. ಕೆಲವು ವರ್ಷಗಳ ಹಿಂದೆ ನೂರು ಕಾರು ಒಳಗೆ ಬಂದರೆ ಸ್ಕ್ಯಾನ್ ಆಗುತ್ತಿದ್ದದ್ದು ಎರಡು. ಲಾರಿಗಳಲ್ಲಿ ನೂರಕ್ಕೆ ಹದಿನೈದು-ಹದಿನೇಳು. ಮಿಕ್ಕದ್ದೆಲ್ಲ ನಾಯಿಯ ಮೂಗು, ಅಧಿಕಾರಿಯ ಅಂದಾಜಿನ ಮೇಲೆ ನಡೆಯುತ್ತಿತ್ತು. ಹೊಸ ಸ್ಕ್ಯಾನರಿನಲ್ಲಿ ಡ್ರೈವರ್ ಇಳಿಯಬೇಕಾಗಿಲ್ಲ. ಗಾಡಿ ನಿಧಾನವಾಗಿ ಒಳಗೆ ಹಾದುಹೋಗುತ್ತದೆ, ಒಳಗಿನ ಚಿತ್ರ ಪರದೆಯ ಮೇಲೆ ಬರುತ್ತದೆ. ಆದರೆ ಯಂತ್ರ ಕೊಂಡರೆ ಮುಗಿಯಲಿಲ್ಲ. ಕಟ್ಟೆ ಕಟ್ಟಬೇಕು, ಕರೆಂಟ್ ಎಳೆಯಬೇಕು, ಚಿತ್ರ ಓದಬಲ್ಲವರನ್ನು ಕೂರಿಸಬೇಕು. 2024ರಲ್ಲಿ ಕೊಂಡು ತಂದ ಸ್ಕ್ಯಾನರುಗಳು ಗೋದಾಮಿನಲ್ಲಿ ಸುಮ್ನೆ ಕೂತಿದ್ದವು. ಅವನ್ನು ಜೋಡಿಸುವ ಖರ್ಚಿಗೆ ಸಂಸತ್ತು ಹಣ ಕೊಟ್ಟಿರಲಿಲ್ಲ!

ಯಂತ್ರ ಬೇಡ ಅನ್ನುವವರು 1969 ನೆನಪಿಸಿಕೊಳ್ಳಲಿ. ಆಗ ನಿಕ್ಸನ್ ಸರ್ಕಾರ 'ಆಪರೇಷನ್ ಇಂಟರ್‌ಸೆಪ್ಟ್' ಹೆಸರಲ್ಲಿ ದಾಟುವ ವಾಹನಗಳನ್ನೆಲ್ಲ ಕೈಯಿಂದಲೇ ತಪಾಸಣೆ ಮಾಡಿಸಿತು. ಮೈಲಿಗಟ್ಟಲೆ ಸಾಲು ನಿಂತಿತು, ವ್ಯಾಪಾರ ಕಟ್ಟಿಹೋಯಿತು. ಮೂರು ವಾರದಲ್ಲೇ ಕೈಬಿಟ್ಟರು. ವ್ಯಾಪಾರ ನಿಲ್ಲಿಸದೆ ಹುಡುಕಬೇಕಾದರೆ ಖರ್ಚು ಮಾಡಲೇಬೇಕು.

ಹಿಡಿದರೆ ಇನ್ನೊಂದು ದಾರಿ ಹುಡುಕುತ್ತಾರೆ ಅನ್ನುವ ವಾದ ಇದೆ. ಹುಡುಕುತ್ತಾರೆ, ನಿಜ. ಮೊದಲು ಫೆಂಟನಿಲ್ ಚೀನಾದಿಂದ ನೇರ ಅಂಚೆಯಲ್ಲೇ ಬರುತ್ತಿತ್ತು. ಪಾರ್ಸೆಲ್ಲಿನ ವಿವರ ಮುಂಚೆಯೇ ಕಂಪ್ಯೂಟರಿಗೆ ಬರಬೇಕು ಅಂತ ಅಮೆರಿಕ 2018ರಲ್ಲಿ ಕಾನೂನು ಮಾಡಿತು. 2019ರಲ್ಲಿ ಚೀನಾ ಇಡೀ ಫೆಂಟನಿಲ್ ಜಾತಿಯನ್ನೇ ನಿಯಂತ್ರಣಕ್ಕೆ ತಂದಿತು. ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಹೊಸ ದಾರಿಗೆ ಸರಕು ತಯಾರಿಸುವವನು ಬೇಕು, ಡ್ರೈವರ್ ಬೇಕು, ಕಾರು ಬೇಕು. ಒಬ್ಬ ಸಿಕ್ಕಿದರೆ ಅವನ ಫೋನಿನಿಂದ ಇನ್ನೂ ನಾಲ್ವರು ಸಿಗುತ್ತಾರೆ. ಲಕೋಟೆಯಿಂದ ಅದು ಸಿಗುತ್ತಿರಲಿಲ್ಲ.

ವಿರೋಧ: ಹಿಡಿದಷ್ಟೂ ಬರುತ್ತದೆ

ಹೇಳುವುದು ಮಾದಕ ವಸ್ತುವಿನ ಹೆಸರು, ಹಣ ಹೋಗುವುದು ಗೋಡೆಗೆ. ಮೇಲಿನ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಸರಕು ಗೇಟಿನಲ್ಲಿ ಕಾರಿನೊಳಗೆ ಕೂತು ಬರುತ್ತದೆ ಅಂತ ಪರ ವಾದದವರೇ ಒಪ್ಪುತ್ತಾರೆ. ಹಾಗಿದ್ದರೆ ಗೇಟುಗಳ ನಡುವಿನ ಗೋಡೆಗೆ ಏಳು ಪಟ್ಟಿಗೂ ಜಾಸ್ತಿ ಹಣ ಯಾಕೆ? ಓಟೈ ಮೇಸಾ ಹತ್ತಿರ 2019ರಲ್ಲಿ ಸಿಕ್ಕ ಸುರಂಗದ ಉದ್ದ 4,309 ಅಡಿ. ಹಳಿ, ಕರೆಂಟ್, ಗಾಳಿಯ ಕೊಳವೆ, ಲಿಫ್ಟ್ ಎಲ್ಲ ಇದ್ದವು. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ಸಲಕರಣೆಯ ಚರಿತ್ರೆಯೂ ಏನು ಹೊಳೆಯುವಂಥದ್ದಲ್ಲ. ಕ್ಯಾಮೆರಾ, ರಡಾರ್ ಗೋಪುರಗಳ 'ಡಿಜಿಟಲ್ ಬೇಲಿ' ಅಂತ ಎಸ್‌ಬಿಐನೆಟ್ ಯೋಜನೆ 2006ರಲ್ಲಿ ಶುರುವಾಯಿತು. ಅರಿಜೋನಾದ 53 ಮೈಲಿಗೆ ಸುಮಾರು 100 ಕೋಟಿ ಡಾಲರ್ ಖರ್ಚಾದ ಮೇಲೆ, 2011ರ ಜನವರಿಯಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು.

ಇದೆಲ್ಲ ಸರಿಹೋದರೂ ಒಂದು ಲೆಕ್ಕ ಮಾತ್ರ ಸರಿಹೋಗುವುದಿಲ್ಲ. ಅಮೆರಿಕದ ಸಂಸತ್ತೇ ನೇಮಿಸಿದ ಆಯೋಗ 2022ರಲ್ಲಿ ಒಂದು ಅಂದಾಜು ಕೊಟ್ಟಿತು: ಇಡೀ ದೇಶದ ಒಂದು ವರ್ಷದ ಅಕ್ರಮ ಬೇಡಿಕೆಗೆ ಮೂರರಿಂದ ಐದು ಟನ್ ಶುದ್ಧ ಫೆಂಟನಿಲ್ ಸಾಕು. ಒಂದು ಲಾರಿಗೂ ಸರಿಯಾಗಿ ತುಂಬದು! ಮೆಕ್ಸಿಕೊದಿಂದ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಲಾರಿ ಒಳಗೆ ಬರುತ್ತವೆ, ಕಾರುಗಳು ಬೇರೆ. ತಯಾರಿಸುವ ಖರ್ಚು ಎಷ್ಟು ಕಡಿಮೆ ಅಂದರೆ, ಸಿಕ್ಕಿಬಿದ್ದ ಸರಕು ಗ್ಯಾಂಗಿಗೆ ನಷ್ಟವೇ ಅಲ್ಲ, ವ್ಯಾಪಾರದ ಒಂದು ಖರ್ಚು. ಕಾವಲು ಬಿಗಿಯಾದಷ್ಟೂ ಚಿಕ್ಕ ಗಂಟಿನಲ್ಲಿ ಜಾಸ್ತಿ ಅಮಲು ತುಂಬುವ ವಸ್ತುವಿಗೆ ಬೆಲೆ. ಹೆರಾಯಿನ್ ಜಾಗಕ್ಕೆ ಫೆಂಟನಿಲ್ ಬರಲು ಇದೂ ಒಂದು ಕಾರಣ. ಈಗ ನಿಟಜೀನ್ ಅನ್ನುವ ಇನ್ನೊಂದು ಗುಂಪು ತಲೆ ಎತ್ತುತ್ತಿದೆ. ಅದರಲ್ಲಿ ಕೆಲವು ಫೆಂಟನಿಲ್‌ಗಿಂತ ತೀವ್ರ.

ಹಣ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಹಳೆಯದೊಂದು ಉತ್ತರ ಇದೆ. 1994ರಲ್ಲಿ ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಕೊಕೇನ್ ಲೆಕ್ಕ ಹಾಕಿತು. ಬಳಕೆಯನ್ನು ಅಷ್ಟೇ ಇಳಿಸಲು, ಚಿಕಿತ್ಸೆಗೆ ಒಂದು ಡಾಲರ್ ಬೇಕಾದರೆ ದಾರಿಯಲ್ಲಿ ತಡೆದು ಹಿಡಿಯುವುದಕ್ಕೆ ಸುಮಾರು ಹನ್ನೊಂದು ಡಾಲರ್ ಬೇಕು. ಕೊಕೇನ್ ಬೇರೆ, ಫೆಂಟನಿಲ್ ಬೇರೆ, ಒಪ್ಪಿದೆ. ಆದರೆ ಬಚ್ಚಿಡುವುದು ಫೆಂಟನಿಲ್‌ಗೆ ಇನ್ನೂ ಸುಲಭ ಅಲ್ವಾ?

2024ರಲ್ಲಿ ಸಾವು ಸುಮಾರು 80 ಸಾವಿರಕ್ಕೆ ಇಳಿಯಿತು, ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಅದಕ್ಕೂ ಮುಂಚೆ ಎರಡು ಬದಲಾವಣೆ ಆಗಿತ್ತು. ಉಸಿರು ನಿಂತವರನ್ನು ಉಳಿಸುವ ನಲಾಕ್ಸೋನ್ ಸ್ಪ್ರೇ 2023ರಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗತೊಡಗಿತು. ಚಟ ಬಿಡಿಸುವ ಬ್ಯುಪ್ರೆನಾರ್ಫಿನ್ ಬರೆಯಲು ವೈದ್ಯರಿಗೆ ಬೇಕಿದ್ದ ವಿಶೇಷ ಪರವಾನಗಿ 2022ರ ಡಿಸೆಂಬರ್ ಕೊನೆಯಲ್ಲಿ ರದ್ದಾಯಿತು. ಸಾವು ಇಳಿದದ್ದರ ಶ್ರೇಯವೆಲ್ಲ ಇವಕ್ಕೇ ಅನ್ನಲಾಗದು, ಸರಕಿನ ಪೂರೈಕೆಯೂ ಬದಲಾಗಿರಬಹುದು. ಆದರೆ ಗೋಡೆಗೆ ಹಣ ಕೊಟ್ಟ ಕಾನೂನು ಬಂದದ್ದು ಸಾವು ಇಳಿದ ಮೇಲೆ, ಮೊದಲಲ್ಲ. ಅದೇ ಕಾನೂನು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಕತ್ತರಿ ಹಾಕಿತು. ಚಟದಿಂದ ಬಿಡಿಸಿಕೊಳ್ಳಲು ಬರುವವರಲ್ಲಿ ದೊಡ್ಡ ಪಾಲಿನ ಖರ್ಚು ಕೊಡುವುದು ಈ ಮೆಡಿಕೇಡ್. ಒಂದು ಕೈಯಲ್ಲಿ ತಡೆಯುತ್ತೇವೆ ಅನ್ನುತ್ತಾ ಇನ್ನೊಂದು ಕೈಯಲ್ಲಿ ಔಷಧಿ ಕಿತ್ತುಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ.

ಕೊನೆಗೆ ಅಳತೆಯ ವಿಷಯ. 2023ರ ಹಣಕಾಸು ವರ್ಷದಲ್ಲಿ ಗಡಿ ಇಲಾಖೆ 12,000 ಕಿಲೋಗೂ ಹೆಚ್ಚು ಫೆಂಟನಿಲ್ ಹಿಡಿಯಿತು. ಇದು ಕಲಬೆರಕೆ ಸೇರಿದ ತೂಕ, ಆ ಮಾತು ಪತ್ರಿಕಾ ಹೇಳಿಕೆಯಲ್ಲಿ ಕಾಣುವುದು ಅಪರೂಪ. ಆಗ 'ನೋಡಿ, ಹಣ ಕೆಲಸ ಮಾಡುತ್ತಿದೆ' ಅಂದರು. ಮರುವರ್ಷ ಅದು 10,000 ಕಿಲೋ ಆಸುಪಾಸಿಗೆ ಇಳಿಯಿತು. ಹೀಗೆ ಇಳಿದಾಗ 'ನೋಡಿ, ಬರುವುದೇ ಕಡಿಮೆಯಾಯಿತು' ಅನ್ನುತ್ತಾರೆ. ಹಾಗಾದರೆ ಯಾವ ಅಂಕಿ ಬಂದರೆ ಸೋತೆವು ಅಂತ ಒಪ್ಪುತ್ತಾರೆ? ಮುಂದಿನ ಕಂತು ಬಿಡುಗಡೆ ಮಾಡುವ ಮೊದಲು ಸಂಸತ್ತು ಅದನ್ನು ಬರವಣಿಗೆಯಲ್ಲಿ ಕೇಳಲಿ.