ಪ್ರಾಜೆಕ್ಟ್ ಹುಡುಗರದ್ದು, ಪೇಟೆಂಟ್ ಯಾರದ್ದು?

ಸ್ವೀಡನ್ನಿನ ಗೊಥೆನ್‌ಬರ್ಗಿನಲ್ಲಿ ಕೂತರೂ ಬೆಳಿಗ್ಗೆ ಮೊದಲು ನೋಡುವುದು ಶಿರಸಿಯ ಅಡಿಕೆ ಧಾರಣೆ. ಈಚೆಗೆ ಅದರ ಆಸುಪಾಸಿನಲ್ಲಿ ಇನ್ನೊಂದು ಬಗೆಯ ಸುದ್ದಿ ಜಾಸ್ತಿ ಕಾಣುತ್ತಿದೆ. 'ಕಾಲೇಜಿಗೆ ಪೇಟೆಂಟ್' ಅಂತ ತಲೆಬರಹ. ಫೋಟೋದಲ್ಲಿ ಪ್ರಾಂಶುಪಾಲರು, ಎಚ್‌ಒಡಿ, ಗೈಡ್. ಯಂತ್ರ ಮಾಡಿದ ಹುಡುಗರು ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. ಕೆಲವು ಸಲ ಫೋಟೋದಲ್ಲೇ ಇರುವುದಿಲ್ಲ.

ಪೂರ್ತಿ ಓದಿದರೆ ಎಷ್ಟೋ ಸಲ ಪೇಟೆಂಟ್ ಸಿಕ್ಕಿಯೂ ಇರುವುದಿಲ್ಲ. ಅರ್ಜಿ ಪ್ರಕಟವಾಗಿರುತ್ತದೆ, ಅಷ್ಟೆ. ನಮ್ಮ ದೇಶದಲ್ಲಿ ಅರ್ಜಿ ಹಾಕಿದ 18 ತಿಂಗಳಿಗೆ ಅದು ಪ್ರಕಟವಾಗುತ್ತದೆ. ಶುಲ್ಕ ಕಟ್ಟಿ ಕೇಳಿದರೆ ಇನ್ನೂ ಬೇಗ ಮಾಡುತ್ತಾರೆ. ಹೊಸದು ಹೌದೋ ಅಲ್ಲವೋ ಎಂದು ಪೇಟೆಂಟ್ ಕಚೇರಿ ಪರೀಕ್ಷಿಸುವುದು ಆಮೇಲೆ. ಆದರೆ ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗಿನಲ್ಲಿ ಬರೀ ಪ್ರಕಟವಾದ ಪೇಟೆಂಟಿಗೂ ಲೆಕ್ಕ ಇದೆ. ಹಾಗಾಗಿ ಈ ಅವಸರ ಅರ್ಥವಾಗುತ್ತದೆ. ಆ ಅವಸರದಲ್ಲಿ ಹುಡುಗರ ಕೈಯಿಂದ ಏನು ಬರೆಸಿಕೊಳ್ಳುತ್ತಾರೆ ಎನ್ನುವುದೇ ನನಗೆ ಸರಿಬರದ ವಿಷಯ.

ನನ್ನ ತಂಗಿಯ ಮಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ. ಅವನೂ ಗೆಳೆಯರೂ ಸೇರಿ ಕೊನೆಯ ವರ್ಷ ಅಡಿಕೆ ಆರಿಸುವ ಯಂತ್ರ ಮಾಡಿದರು. ಬೆಲ್ಟಿನ ಮೇಲೆ ಸುಲಿದ ಅಡಿಕೆ ಹೋಗುತ್ತದೆ, ಮೇಲೊಂದು ಕ್ಯಾಮೆರಾ. ಚಾಲಿ, ಬಿಳೆಗೋಟು, ಕೋಕಾ ಎಂದು ದರ್ಜೆ ನೋಡಿ ಬೇರೆ ಬೇರೆ ಬುಟ್ಟಿಗೆ ತಳ್ಳುತ್ತದೆ. ಬೆಲ್ಟು ಮೋಟಾರಿಗೆ ದುಡ್ಡು ಹಾಕಿದ್ದು ಅವರವರ ಮನೆಯವರು. ಕಾಲೇಜು ಕೊಟ್ಟಿದ್ದು ವರ್ಕ್‌ಶಾಪಿನ ಜಾಗ ಮತ್ತು ಗೈಡ್. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ಒಂದು ಇಂಗ್ಲಿಷ್ ಫಾರಂ ಬಂತು. 'ಈ ಕೆಲಸದ ಎಲ್ಲ ಹಕ್ಕುಗಳೂ ಸಂಸ್ಥೆಗೆ ಸೇರಿದ್ದು' ಎನ್ನುವುದು ಅದರ ಸಾರ.

"ಓದಿದ್ಯಾ?" ಎಂದು ಫೋನಿನಲ್ಲಿ ಕೇಳಿದೆ.

"ಎಲ್ಲರೂ ಸಹಿ ಮಾಡಿದ್ರು ಮಾವ. ಇಂಟರ್ನಲ್ ಮಾರ್ಕ್ಸ್ ಇನ್ನೂ ಹಾಕಿರ್ಲಿಲ್ಲ."

ಆ ಎರಡನೇ ವಾಕ್ಯ ಹೇಳುವಾಗ ಅವನಿಗೆ ಬೇಜಾರೂ ಇರಲಿಲ್ಲ. ಮಾರ್ಕ್ಸ್ ಯಾರ ಕೈಯಲ್ಲಿದೆಯೋ ಅವರೇ ಫಾರಂ ಕೊಟ್ಟರೆ ಯಾವ ಹುಡುಗ ಬೇಡ ಅನ್ನುತ್ತಾನೆ?

ನಮ್ಮ ಕಾನೂನು ಇಷ್ಟು ಕೆಟ್ಟದಾಗಿಲ್ಲ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಅರ್ಜಿ ಹಾಕುವ ಹಕ್ಕು ಇರುವುದು ನಿಜವಾಗಿ ಮೊದಲು ಕಂಡುಹಿಡಿದವನಿಗೆ, ಇಲ್ಲವೇ ಅವನು ಬರೆದುಕೊಟ್ಟವರಿಗೆ. ಸಂಬಳ ಕೊಟ್ಟ ಮಾತ್ರಕ್ಕೆ ನೌಕರ ಕಂಡುಹಿಡಿದದ್ದೆಲ್ಲ ಧಣಿಗೆ ಎಂದು ಆ ಕಾಯ್ದೆ ಹೇಳುವುದಿಲ್ಲ. ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. 1957ರ ಕಾಪಿರೈಟ್ ಕಾಯ್ದೆ ಬೇರೆ ದಾರಿ ಹಿಡಿದಿದೆ. ಅಲ್ಲಿ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಕರಾರು ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಾಪಿರೈಟಿನ ಒಳಗೇ ಬರುತ್ತದೆ. ಅಂದರೆ ಲೆಕ್ಚರರ್ ವಿಷಯದಲ್ಲಿ ಚರ್ಚೆಗೆ ಜಾಗ ಇದೆ. ವಿದ್ಯಾರ್ಥಿ ವಿಷಯದಲ್ಲಿ ಎಂತ ಚರ್ಚೆ? ಅವನು ನೌಕರನೇ ಅಲ್ಲ. ಸಂಬಳ ತೆಗೆದುಕೊಳ್ಳುವವನಲ್ಲ, ಫೀಸು ಕಟ್ಟುವವನು. ಅವನು ಬರೆದ ಕೋಡು, ಅವನ ಪ್ರಬಂಧ, ಅವನ ಯಂತ್ರದ ಐಡಿಯಾ, ಎಲ್ಲವೂ ಅವನು ಬರೆದುಕೊಡುವವರೆಗೂ ಅವನದ್ದೇ. ಫಾರಂ ಇರುವುದೇ ಅದಕ್ಕೆ.

ಸ್ವೀಡನ್ನಿನಲ್ಲಿ ಇದು ಇನ್ನೂ ಮುಂದೆ ಹೋಗಿದೆ. ನೌಕರರ ಆವಿಷ್ಕಾರಗಳ ಬಗ್ಗೆ 1949ರ ಕಾನೂನೊಂದು ಇಲ್ಲಿದೆ. ಕಂಪನಿಯ ಇಂಜಿನಿಯರ್ ಏನಾದರೂ ಕಂಡುಹಿಡಿದರೆ ಕಂಪನಿ ಅದನ್ನು ಪಡೆಯಬಹುದು, ಅವನಿಗೆ ಪ್ರತಿಫಲ ಕೊಡಬೇಕು. ಆದರೆ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಅದೇ ಕಾನೂನು ಹೊರಗಿಟ್ಟಿದೆ. ಪ್ರೊಫೆಸರ್ ಲ್ಯಾಬಿನಲ್ಲಿ ಕಂಡುಹಿಡಿದದ್ದು ಪ್ರೊಫೆಸರದ್ದೇ. ಸರ್ಕಾರದ ದುಡ್ಡಿನಲ್ಲಿ ಸಂಶೋಧನೆ ಮಾಡಿದರೂ ಹಾಗೇ. ಅಧ್ಯಾಪಕರಿಗೇ ಹೀಗಿದ್ದಮೇಲೆ ವಿದ್ಯಾರ್ಥಿಯ ಕೆಲಸ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಸಲಹೆ ಕೊಡಲು ಇನೊವೇಷನ್ ಆಫೀಸ್ ಇರುತ್ತದೆ. ಬೇಕಾದವನು ಹೋಗಿ ಕೇಳಬಹುದು.

ಹಾಗಂತ ಇಲ್ಲಿ ಎಲ್ಲ ಸ್ವರ್ಗವೇನಲ್ಲ. ಕೊನೆಯ ವರ್ಷದ ಕೆಲಸವನ್ನು ಹುಡುಗರು ತುಂಬ ಸಲ ಕಂಪನಿಗಳಲ್ಲಿ ಮಾಡುತ್ತಾರೆ. ಆಗ ಕಂಪನಿಗೆ ಹಕ್ಕು ಬರೆದುಕೊಡುವುದು ಮಾಮೂಲು. ವ್ಯತ್ಯಾಸ ಏನೆಂದರೆ, ಕೆಲಸ ಶುರುವಾಗುವ ಮೊದಲೇ ಕಾಗದ ಬರುತ್ತದೆ. ಮನೆಗೆ ಒಯ್ದು ಓದುತ್ತಾರೆ. 'ಈ ಸಾಲು ತೆಗೆಯಿರಿ' ಎಂದು ನಮ್ಮ ಕಚೇರಿಗೆ ಬಂದ ಹುಡುಗಿಯೊಬ್ಬಳು ಮ್ಯಾನೇಜರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ತೆಗೆದರು ಕೂಡ. ಅವಳ ಮಾರ್ಕ್ಸ್ ಆ ಮ್ಯಾನೇಜರ್ ಕೈಯಲ್ಲಿ ಇರಲಿಲ್ಲವಲ್ಲ.

ಇನ್ನೊಂದು ತಕರಾರೂ ಇದೆ. ಹಕ್ಕು ಕೈಯಲ್ಲಿದ್ದ ಮಾತ್ರಕ್ಕೆ ಪ್ರೊಫೆಸರಿಗೆ ವ್ಯಾಪಾರ ಬರುತ್ತದೆಯೇ? ಪೇಟೆಂಟಿಗೆ ದುಡ್ಡು ಬೇಕು, ವಕೀಲರು ಬೇಕು. ಎಷ್ಟೋ ಒಳ್ಳೆಯ ಕೆಲಸ ಡ್ರಾಯರಿನಲ್ಲೇ ಉಳಿಯುತ್ತದೆ, ಅಥವಾ ದೊಡ್ಡ ಕಂಪನಿಗೆ ಅಗ್ಗಕ್ಕೆ ಹೋಗುತ್ತದೆ. ಈ ಕಾರಣಕ್ಕೇ ಅಕ್ಕಪಕ್ಕದ ದೇಶಗಳು ಅಧ್ಯಾಪಕರಿಗೇ ಹಕ್ಕು ಕೊಡುವ ಈ ಪದ್ಧತಿಯನ್ನು ಬಿಟ್ಟವು. ಡೆನ್ಮಾರ್ಕ್ ಬಿಟ್ಟಿತು, ಜರ್ಮನಿ 2002ರಲ್ಲಿ, ನಾರ್ವೆ 2003ರಲ್ಲಿ. ಹಕ್ಕು ವಿಶ್ವವಿದ್ಯಾಲಯಕ್ಕೆ ಹೋದರೆ ಪೇಟೆಂಟ್ ಜಾಸ್ತಿ ಆಗುತ್ತದೆ ಎನ್ನುವುದು ಅವರ ಎಣಿಕೆಯಾಗಿತ್ತು. ನಾರ್ವೆಯಲ್ಲಿ ಏನಾಯಿತು ಎಂದು ಹ್ವಿಡೆ ಮತ್ತು ಜೋನ್ಸ್ ಎನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯದವರು ಶುರುಮಾಡುವ ಕಂಪನಿಗಳೂ ಅವರ ಪೇಟೆಂಟುಗಳೂ ಸುಮಾರು ಅರ್ಧಕ್ಕೆ ಇಳಿದಿದ್ದವು. ತನ್ನದಲ್ಲದ ವಸ್ತುವಿನ ಹಿಂದೆ ರಾತ್ರಿ ನಿದ್ದೆ ಬಿಟ್ಟು ಯಾರು ಓಡುತ್ತಾರೆ ಹೇಳಿ.

ಅಮೆರಿಕದ ಉದಾಹರಣೆ ಕೊಡುವವರು 1980ರ ಬೇ–ಡೋಲ್ ಕಾಯ್ದೆಯನ್ನು ಹೇಳುತ್ತಾರೆ. ಸರ್ಕಾರದ ದುಡ್ಡಿನ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ಅದು ದಾರಿ ಮಾಡಿತು. ನಮ್ಮಲ್ಲೂ ಅದೇ ಮಾದರಿಯ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾಯ್ದೆ ಆಗಲಿಲ್ಲ. ಆದರೆ ಅಮೆರಿಕದ ಸುಪ್ರೀಂ ಕೋರ್ಟೇ 2011ರಲ್ಲಿ, ಸ್ಟ್ಯಾನ್‌ಫರ್ಡ್ ಮತ್ತು ರೋಷ್ ಎಂಬ ಔಷಧ ಕಂಪನಿ ನಡುವಿನ ಮೊಕದ್ದಮೆಯಲ್ಲಿ, ಆ ಕಾಯ್ದೆಯಿಂದ ಹಕ್ಕು ತಾನಾಗಿ ವಿಶ್ವವಿದ್ಯಾಲಯಕ್ಕೆ ಬರುವುದಿಲ್ಲ ಎಂದಿತು. ಮೊದಲ ಹಕ್ಕು ಕಂಡುಹಿಡಿದವನದ್ದೇ. ಇನ್ನು ಅದೇ ಸ್ಟ್ಯಾನ್‌ಫರ್ಡಿನಲ್ಲಿ ಲೈಸೆನ್ಸಿನಿಂದ ಬಂದ ದುಡ್ಡಿನಲ್ಲಿ, ಖರ್ಚು ಕಳೆದು, ಮೂರರಲ್ಲಿ ಒಂದು ಪಾಲು ಕಂಡುಹಿಡಿದವರಿಗೆ ಹೋಗುತ್ತದೆ. ನನ್ನ ಸೋದರಳಿಯನ ಫಾರಂನಲ್ಲಿ ಪಾಲಿನ ಮಾತೇ ಇಲ್ಲ.

ಹಾಗಾದರೆ ಕಾಲೇಜಿಗೆ ಏನೂ ಬೇಡವೇ? ಬೇಕು. ಗೈಡ್ ತಲೆ ಕೆಡಿಸಿಕೊಂಡಿದ್ದರೆ ಅವರ ಹೆಸರು ಸಂಶೋಧಕರ ಪಟ್ಟಿಯಲ್ಲಿ ಬರಲೇಬೇಕು. ಲ್ಯಾಬು ಬಳಸಿದ್ದಕ್ಕೆ ಕಾಲೇಜಿಗೂ ಪಾಲು ಇರಲಿ. ಇದಕ್ಕೆ ನಾವು ಸ್ವೀಡನ್ನಿಗೋ ಅಮೆರಿಕಕ್ಕೋ ಹೋಗಬೇಕಿಲ್ಲ, ಶಿರಸಿ–ಸಿದ್ದಾಪುರದ ತೋಟದವರಿಗೆ ಕೇಳಿದರೆ ಸಾಕು. ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಸರ್ಕಾರದ್ದು. ಆದರೆ ತೋಟ ಇದ್ದವನಿಗೆ ಅಲ್ಲಿ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು ಇದೆ, ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಒಡೆತನ ಒಬ್ಬರದ್ದು, ಬಳಕೆ ಇನ್ನೊಬ್ಬರದ್ದು. ಜಗಳ ಇಲ್ಲ ಎಂದಲ್ಲ, ಬೆಟ್ಟದ ಜಗಳ ಎಂಥದ್ದು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೂ ಯಾರಿಗೆ ಏನು ಎನ್ನುವುದು ಎಲ್ಲರಿಗೂ ಗೊತ್ತು. ಹುಡುಗರ ಯಂತ್ರಕ್ಕೂ ಹೀಗೇ ಮಾಡಬಹುದು. ಒಡೆತನ ಹುಡುಗರದ್ದು. ಪಾಠಕ್ಕೆ, ಮುಂದಿನ ಬ್ಯಾಚಿನ ಪ್ರಾಜೆಕ್ಟಿಗೆ, ಸಂಶೋಧನೆಗೆ ಕಾಲೇಜು ಪುಕ್ಕಟೆ ಬಳಸಿಕೊಳ್ಳಲಿ. ಯಾರಾದರೂ ಫ್ಯಾಕ್ಟರಿಯವರು ತೆಗೆದುಕೊಂಡು ದುಡ್ಡು ಬಂದರೆ ಮೊದಲೇ ಹೇಳಿದಷ್ಟು ಪಾಲು ಕೊಡಲಿ.

'ಕಾಲೇಜಿನ ಹೆಸರಿನಲ್ಲಿ ಹಾಕಿದರೆ ಖರ್ಚು ಕಡಿಮೆ' ಎಂದು ನನ್ನ ಸೋದರಳಿಯನಿಗೆ ಹೇಳಿದ್ದರಂತೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕ 80% ಇಳಿಸಿದ್ದು ನಿಜ. ಆದರೆ ಇಳಿಸಿ ತಂದಿದ್ದು ವ್ಯಕ್ತಿಗಳು ಮೊದಲಿನಿಂದ ಕಟ್ಟುತ್ತಿದ್ದ ದರಕ್ಕೇ. ಆನ್‌ಲೈನಿನಲ್ಲಿ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಗೆ 4,000. ಹುಡುಗ ತನ್ನ ಹೆಸರಿನಲ್ಲಿ ಹಾಕಿದರೂ ಅಷ್ಟೇ. ದೊಡ್ಡ ಖರ್ಚು ಅರ್ಜಿ ಬರೆಯುವವರ ಫೀಸು. ಅದನ್ನು ಕಾಲೇಜು ಕೊಡುವುದಾದರೆ ಕೊಡಲಿ, ಬಂದ ಲಾಭದಲ್ಲಿ ಮೊದಲು ಕಳೆದುಕೊಳ್ಳಲಿ.

ಇಲ್ಲಿಯವರೆಗೆ ಹುಡುಗರ ಪರ ಮಾತಾಡಿದೆ. ಹುಡುಗರಿಗೂ ಒಂದು ಪ್ರಶ್ನೆ ಇದೆ. ಆ ಕ್ಯಾಮೆರಾಕ್ಕೆ ಕೋಕಾ ಯಾವುದು, ಬಿಳೆಗೋಟು ಯಾವುದು ಎಂದು ಕಲಿಸಿದ್ದು ಯಾರು? ಪಕ್ಕದೂರಿನಲ್ಲಿ ಅಡಿಕೆ ಆರಿಸುವ ಹೆಂಗಸರು. ಹುಡುಗರು ಸಾವಿರಾರು ಫೋಟೋ ತೆಗೆದು ಅವರ ಮುಂದೆ ಇಟ್ಟರು, ಆ ಹೆಂಗಸರು ಒಂದೊಂದನ್ನೇ ಹೇಳಿದರು. ನೋಡಿದ ಕೂಡಲೇ ಹೇಳುವ ಆ ಕಣ್ಣು ವರ್ಷಗಟ್ಟಲೆ ಕೆಲಸದಿಂದ ಬಂದದ್ದು. ಯಂತ್ರ ಗೆದ್ದರೆ ಮೊದಲು ಹೋಗುವುದು ಅವರದ್ದೇ ಕೆಲಸ. ಪ್ರಾಜೆಕ್ಟ್ ವರದಿಯಲ್ಲಿ ಅವರಿಗೆ ಒಂದು ಥ್ಯಾಂಕ್ಸ್ ಕೂಡ ಇರಲಿಲ್ಲ. 'ಹಾಕು, ಮತ್ತೆ ದಿನದ ಕೂಲಿ ಲೆಕ್ಕ ಮಾಡಿ ಕೊಡು' ಎಂದು ಸೋದರಳಿಯನಿಗೆ ಹೇಳಿದೆ. ವರದಿ ಆಗಲೇ ಬೈಂಡ್ ಆಗಿತ್ತು. ಕೂಲಿ ಮಾತ್ರ ಕೊಟ್ಟರು.

ಗಿಡಗಳ ವಿಷಯದಲ್ಲಿ ನಮ್ಮ ಕಾನೂನು ಇದನ್ನು ಯೋಚಿಸಿದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತನೂ ತನ್ನ ತಳಿಯನ್ನು ನೋಂದಾಯಿಸಬಹುದು. ಅವನ ತಳಿ ಬಳಸಿ ವಿಶ್ವವಿದ್ಯಾಲಯ ಹೊಸದನ್ನು ಮಾಡಿದರೆ ಲಾಭದಲ್ಲಿ ಪಾಲು ಕೇಳಬಹುದು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆಯಂಥ ಉಪ್ಪಿನಕಾಯಿ ಮಾವಿನ ತಳಿಗಳೆಲ್ಲ ಯಾವ ಲ್ಯಾಬಿನಲ್ಲೂ ಹುಟ್ಟಿದ್ದಲ್ಲ, ಹೊಳೆದಂಡೆಯಿಂದ ಮಿಡಿ ತಂದು, ರುಚಿ ನೋಡಿ, ಕಸಿ ಕಟ್ಟಿ ಉಳಿಸಿದ ಜನರಿಂದ ಬಂದದ್ದು. ನಾಳೆ ಯಾವುದೋ ಪಿಎಚ್‌ಡಿ ವಿದ್ಯಾರ್ಥಿ ಇದರ ಮೇಲೆ ಕೆಲಸ ಮಾಡಿದರೆ ಕಾಗದದಲ್ಲಿ ಕಾಲೇಜು, ಗೈಡ್, ವಿದ್ಯಾರ್ಥಿ ಮೂವರೇ ಸಾಕಾಗುವುದಿಲ್ಲ. ಅಡಿಕೆ ಆರಿಸುವ ಕಣ್ಣಿಗೆ ಮಾತ್ರ ಅಂಥ ಕಾನೂನು ಇಲ್ಲ. ಅದನ್ನು ಹುಡುಗರೇ ತಮ್ಮೊಳಗೆ ಬರೆದುಕೊಳ್ಳಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಕಾರವಾರದಿಂದ ಹಳಿಯಾಳದವರೆಗೆ ಜಿಲ್ಲೆಯ ಕಾಲೇಜುಗಳು ಪ್ರಾಜೆಕ್ಟ್ ಶುರುವಾಗುವ ದಿನವೇ ಈ ಕಾಗದ ಕೊಡಲಿ. ಕನ್ನಡದಲ್ಲೂ ಇರಲಿ, ಮನೆಗೆ ಒಯ್ಯಲು ಬಿಡಲಿ. ಸಹಿ ಮಾಡದವನ ಮಾರ್ಕ್ಸಿಗೆ ಏನೂ ಆಗುವುದಿಲ್ಲ ಎಂದು ಅದರಲ್ಲೇ ಬರೆದಿರಲಿ. ಹುಡುಗರು ಯಾವ ದಿನ ಯಾರು ಏನು ಮಾಡಿದರು ಎಂದು ಒಂದು ನೋಟ್‌ಬುಕ್ ಇಡಲಿ. ಅರ್ಜಿ ಹಾಕುವ ಮೊದಲು ಯಂತ್ರವನ್ನು ಯೂಟ್ಯೂಬಿಗೆ ಹಾಕುವುದು, ಕಾಲೇಜು ಪ್ರದರ್ಶನದಲ್ಲಿ ಬಿಚ್ಚಿ ತೋರಿಸುವುದು ಬೇಡ. ಒಮ್ಮೆ ಎಲ್ಲರಿಗೂ ಗೊತ್ತಾದದ್ದು ಹೊಸದು ಅನ್ನಿಸಿಕೊಳ್ಳುವುದಿಲ್ಲ, ಪೇಟೆಂಟ್ ಕೈತಪ್ಪಬಹುದು.

ಈಗಾಗಲೇ ಸಹಿ ಮಾಡಿದವರು ಫಾರಂನ ಪ್ರತಿ ಕೇಳಿ ತೆಗೆದುಕೊಳ್ಳಿ. ಕಾಪಿರೈಟ್ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಬರೆದುಕೊಡುವ ಕಾಗದದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಯಾವ ದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ನನ್ನ ಸೋದರಳಿಯನ ಫಾರಂನಲ್ಲಿ ಎರಡೂ ಇಲ್ಲ. ಪೇಟೆಂಟಿಗೆ ಈ ಕಲಮು ನಡೆಯುವುದಿಲ್ಲ, ಆದರೆ ಆ ಯಂತ್ರದ ಜೀವ ಇರುವುದು ಕೋಡಿನಲ್ಲಿ. ಅವನಿಗೆ ಹೇಳಿದ್ದೇನೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾನೆ.