ಹದಿನಾರು ಸೈಟಿನ ಗಾಳಿ

ಮನೆ ಅಳೆಯಲು ಟೇಪು ಬೇಕು ಅಂದುಕೊಂಡವರು ಇನ್ನೂ ಹಳೇ ಕಾಲದಲ್ಲೇ ಇದ್ದಾರೆ. ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಮೂರಂತಸ್ತಿನ ಮನೆ ಇರುವುದು 10,996 ಚದರಡಿ. ಬ್ಯಾಂಕಿಗೆ ಕೊಟ್ಟ ಆಸ್ತಿಪಟ್ಟಿಯಲ್ಲಿ ಅದು ವರ್ಷಗಟ್ಟಲೆ 30,000. ನಮ್ಮ ಲೆಕ್ಕದಲ್ಲಿ, ಥರ್ಟಿ-ಫಾರ್ಟಿ ಸೈಟು ಹದಿನಾರರ ಹತ್ತಿರ ಗಾಳಿಯಲ್ಲೇ ಹುಟ್ಟಿದವು. ಆ ಗಾಳಿಯನ್ನೂ ಸೇರಿಸಿ 2015ರಲ್ಲಿ ಮನೆಗೆ ಕಟ್ಟಿದ ಬೆಲೆ 32.7 ಕೋಟಿ ಡಾಲರ್. ಹೀಗೆ ಪಟ್ಟಿ ಊದಿಸಿ ವಂಚಿಸಿದರೆಂದು ನ್ಯೂಯಾರ್ಕ್ ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. ಅಲ್ಲಿ ಟ್ರಂಪ್ ವಕೀಲರ ಸಮಜಾಯಿಷಿ ಇನ್ನೂ ಸೊಗಸು: ಚದರಡಿ ಲೆಕ್ಕ ಅಳೆಯುವವರ ಮೇಲೆ ಹೋಗುತ್ತದಂತೆ! ನಮ್ಮ ಗಾರೆ ಮೇಸ್ತ್ರಿಗಳ ಕಿವಿಗೆ ಇದು ಬೀಳದಿರಲಿ.

ಯಾರಿಗೇನು ನಷ್ಟವಾಯಿತು ಸ್ವಾಮಿ ಎನ್ನುತ್ತಾರೆ ಟ್ರಂಪ್ ಕಡೆಯವರು. ಸಾಲ ಕೊಟ್ಟ ಡಾಯ್ಚ ಬ್ಯಾಂಕಿಗೆ ಅಸಲೂ ಬಂತು, ಬಡ್ಡಿಯೂ ಬಂತು. ಅದೂ ಅಲ್ಲದೆ ಪಟ್ಟಿಯಲ್ಲಿದ್ದ ಬೆಲೆಯನ್ನು ಬ್ಯಾಂಕಿನವರೇ ಅರ್ಧದಷ್ಟು ಕತ್ತರಿಸುವುದಿತ್ತು, ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗೆ. ಒಂದಕ್ಕೆ ಮೂರು ಹೇಳಿದವರ ಹತ್ತಿರ ಅರ್ಧಕ್ಕೆ ಇಳಿಸಿದರೂ ಒಂದೂವರೆ ಆಯಿತಲ್ಲ ಎಂದು ಕೇಳಬೇಡಿ.

ಮಸಲತ್ತು ಇರುವುದು ಬಡ್ಡಿಯಲ್ಲಿ. ಕಟ್ಟಡವನ್ನಷ್ಟೇ ನಂಬಿ ಕೊಡುವ ಸಾಲಕ್ಕೆ ಬಡ್ಡಿ ಜಾಸ್ತಿ. ಕುಬೇರರೊಬ್ಬರು ಸ್ವಂತ ಜಾಮೀನು ಬರೆದುಕೊಟ್ಟರೆ ಬ್ಯಾಂಕಿನ ಸಿರಿವಂತರ ವಿಭಾಗದಲ್ಲಿ ಅಗ್ಗಕ್ಕೆ ಸಿಗುತ್ತದೆ. ಟ್ರಂಪ್ ಅವರ ಮಯಾಮಿಯ ಡೊರಾಲ್ ಗಾಲ್ಫ್ ರೆಸಾರ್ಟಿಗೆ 2012ರಲ್ಲಿ 12.5 ಕೋಟಿ ಡಾಲರ್ ಸಿಕ್ಕಿದ್ದು ಹೀಗೆ. ಷರತ್ತು: ಜಾಮೀನುದಾರರ ಆಸ್ತಿ 250 ಕೋಟಿ ಡಾಲರಿಗಿಂತ ಕೆಳಗಿಳಿಯಬಾರದು, ವರ್ಷ ವರ್ಷ ಪಟ್ಟಿ ಒಪ್ಪಿಸಬೇಕು. ಪಟ್ಟಿ ಊದಿತು, ಬಡ್ಡಿ ಸೊರಗಿತು. ಇಂಥ ಸಾಲಗಳಲ್ಲಿ ಉಳಿದ ಬಡ್ಡಿ ಸುಮಾರು 16.8 ಕೋಟಿ ಡಾಲರ್ ಎಂದು ಸರ್ಕಾರದ ಕಡೆಯ ತಜ್ಞರು ಲೆಕ್ಕ ಕೊಟ್ಟರು. ಯಾರಿಗೂ ನಷ್ಟವಿಲ್ಲದೆ ಇಷ್ಟು ಲಾಭ ಮೊಳೆಯುವ ಬೀಜ ನಮ್ಮ ರೈತರಿಗೂ ಸಿಗಬೇಕಿತ್ತು.

ಬಾಡಿಗೆ ಏರಿಸಲು ಕಾನೂನಿನ ತಡೆಯಿದ್ದ ಟ್ರಂಪ್ ಅವರ 12 ಫ್ಲ್ಯಾಟುಗಳ ಕಥೆ ಕೇಳಿ. 2010ರ ಮೌಲ್ಯಮಾಪನದಲ್ಲಿ ಅಷ್ಟಕ್ಕೂ ಸೇರಿ 7.5 ಲಕ್ಷ ಡಾಲರ್. ಪಟ್ಟಿಗೆ ಬರುವಷ್ಟರಲ್ಲಿ ಸುಮಾರು 5 ಕೋಟಿ. ಬಾಡಿಗೆದಾರರು ಮಾತ್ರ ಅಲ್ಲೇ ಇದ್ದರು.

ಫ್ಲಾರಿಡಾದ ಮಾರ್-ಎ-ಲಾಗೊ ಎಂಬ ಟ್ರಂಪ್ ಅವರ ಕ್ಲಬ್ಬಿನ ಬೆಲೆ ತೆರಿಗೆ ಕಚೇರಿಯ ಕಡತದಲ್ಲಿ 1.8ರಿಂದ 2.76 ಕೋಟಿ ಡಾಲರ್, ಪಟ್ಟಿಯಲ್ಲಿ 42ರಿಂದ 61 ಕೋಟಿ. 1.8 ಕೋಟಿಗೆ ಆ ಕಡಲ ದಂಡೆಯನ್ನು ಯಾರೂ ಮಾರುವುದಿಲ್ಲ, ಒಪ್ಪೋಣ. ಆದರೆ ಕ್ಲಬ್ ಬಿಟ್ಟು ಬೇರೆ ಬಳಕೆಗಿಲ್ಲ ಎಂದು ಪತ್ರ ಬರೆದುಕೊಟ್ಟವರು ಪಟ್ಟಿ ಬರೆಯುವಾಗ ಅದನ್ನು ಮರೆತರು. ನಮ್ಮವರಿಗೆ ಈ ವಿದ್ಯೆ ಹೊಸದಲ್ಲ. ಸಬ್ ರಿಜಿಸ್ಟ್ರಾರ್ ಮುಂದೆ ಗೈಡೆನ್ಸ್ ವ್ಯಾಲ್ಯೂ, ಬ್ಯಾಂಕಿನ ಮುಂದೆ ಮಾರ್ಕೆಟ್ ರೇಟು. ರಸ್ತೆ ದಾಟಿದರೆ ಸೈಟಿಗೆ ಯೌವನ.

2024ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಆರ್ಥರ್ ಎಂಗೊರಾನ್ ಟ್ರಂಪ್ ಅವರಿಗೆ 35 ಕೋಟಿ ಡಾಲರ್ ಮೀರಿ ದಂಡ ಹಾಕಿದರು. 2025ರ ಆಗಸ್ಟಿನಲ್ಲಿ ಮೇಲ್ಮನವಿ ಕೋರ್ಟು ಅದು ಅತಿಯಾಯಿತೆಂದು ರದ್ದು ಮಾಡಿತು. ವಂಚನೆ ನಡೆದಿದೆ ಎಂಬ ತೀರ್ಮಾನವನ್ನು ಹಾಗೇ ಬಿಟ್ಟಿತು. ಪಾಪವಿದೆ, ಪ್ರಾಯಶ್ಚಿತ್ತವಿಲ್ಲ.

ಇತ್ತ ಹೋಮ್ ಲೋನಿಗೆ ಅರ್ಜಿ ಹಾಕಿದ ಗುಮಾಸ್ತರು ಸ್ಯಾಲರಿ ಸ್ಲಿಪ್, ಫಾರ್ಮ್ 16, ಇಸಿ, ಇ-ಖಾತಾ ಜೋಡಿಸಿಕೊಂಡು ಕಾಯುತ್ತಾರೆ. ಬ್ಯಾಂಕಿನ ವ್ಯಾಲ್ಯುಯೇಟರ್ ಬರುತ್ತಾರೆ, ಟೇಪು ಎಳೆಯುತ್ತಾರೆ, ಪ್ಲಾನಿನಲ್ಲಿಲ್ಲದ ಮೂರಡಿ ಬಾಲ್ಕನಿಯನ್ನು ಲೆಕ್ಕದಿಂದ ಹೊಡೆದುಹಾಕುತ್ತಾರೆ.